ಜಾರ್ಜ್ ಮೈಕನ್: ಒಬ್ಬ ಮೇಷ್ಟ್ರು ಕೈಬಿಡದ ಹುಡುಗ

ಬೋಧನಾಭ್ಯಾಸದ ವಾರಗಳಲ್ಲಿ ಪ್ರಶಿಕ್ಷಣಾರ್ಥಿಗಳು ನನ್ನ ಸಹಿಗೆ ತರುವ ಅವಲೋಕನ ಪಟ್ಟಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಈ ವಿದ್ಯಾರ್ಥಿಗೆ ಆಟದಲ್ಲಿ ಸಾಮರ್ಥ್ಯ ಕಡಿಮೆ. ನಾನು ದೈಹಿಕ ಶಿಕ್ಷಣದ ಉಪನ್ಯಾಸಕ. ಇಂಥ ಎಷ್ಟು ಪಟ್ಟಿಗಳಿಗೆ ಸಹಿ ಹಾಕಿದ್ದೇನೋ ಲೆಕ್ಕವಿಟ್ಟಿಲ್ಲ. ಕಳೆದ ವರ್ಷ ಹಾಕಿದ ಒಂದು ಸಹಿ ಮಾತ್ರ ಇನ್ನೂ ನೆನಪಿನಲ್ಲಿದೆ.

ಒಂಬತ್ತನೆಯ ತರಗತಿಯ ಬಾಸ್ಕೆಟ್‌ಬಾಲ್ ಪಾಠ ಅದು. ಐವತ್ತು ಮಕ್ಕಳು, ಒಂದೇ ಕಂಬ, ನಲವತ್ತು ನಿಮಿಷ. ಎಲ್ಲರಿಗಿಂತ ಎತ್ತರವಾಗಿದ್ದ, ದಪ್ಪ ಗಾಜಿನ ಕನ್ನಡಕ ಹಾಕಿದ್ದ ಹುಡುಗನೊಬ್ಬ ಎರಡು ಸಲ ಚೆಂಡು ಕೈಬಿಟ್ಟ. ಮಕ್ಕಳು ನಕ್ಕರು. ನಮ್ಮ ಪ್ರಶಿಕ್ಷಣಾರ್ಥಿ ಅವನ ಕೈಗೆ ಅಂಕ ಬರೆಯುವ ಪುಸ್ತಕ ಕೊಟ್ಟು ನೆರಳಿನಲ್ಲಿ ಕೂರಿಸಿದ. ಪಾಠ ಗದ್ದಲವಿಲ್ಲದೆ ಮುಗಿಯಿತು. ತರಗತಿ ನಿರ್ವಹಣೆ ಉತ್ತಮ ಎಂದು ಗುರುತು ಹಾಕಿ ನಾನು ಸಹಿ ಮಾಡಿದೆ. ಸಂಜೆ ಬಸ್ಸಿನಲ್ಲಿ ಬರುವಾಗ ಜಾರ್ಜ್ ಮೈಕನ್ ನೆನಪಾದ. ಅವನ ಕಥೆಯನ್ನು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಹೇಳಿದವನೇ ಅದನ್ನು ಮೈದಾನದಲ್ಲಿ ಮರೆತಿದ್ದೆ. ಆದ್ದರಿಂದ ಈ ಸಲ ಅದನ್ನು ಬರೆದೇ ಇಡುತ್ತಿದ್ದೇನೆ.

ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಶಿಕ್ಷಕರನ್ನು ತಯಾರು ಮಾಡುವ ಶಾಲೆಯೊಂದರಲ್ಲಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಬೋಧಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲೆಂದು ಇದನ್ನು ರೂಪಿಸಿದರು. ಅದಾಗಿ ಮೂವತ್ತಮೂರನೆಯ ವರ್ಷದಲ್ಲಿ, 1924ರ ಜೂನ್ 18ರಂದು, ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಮೈಕನ್ ಹುಟ್ಟಿದ. ತಂದೆಯ ಕಡೆಯವರು ಕ್ರೊಯೇಷಿಯಾ ಮೂಲದವರು, ತಾಯಿಯ ಕಡೆಯವರು ಲಿಥುವೇನಿಯಾ ಮೂಲದವರು.

ಹುಡುಗ ಬೇಗ ಬೇಗ ಬೆಳೆದ. ದೃಷ್ಟಿ ಮಂದವಾಗಿತ್ತು, ದಪ್ಪ ಕನ್ನಡಕ ಬಂತು. ಬಾಲ್ಯದಲ್ಲಿ ಒಂದು ಮೊಣಕಾಲು ಕೆಟ್ಟದಾಗಿ ಮುರಿದು ಸುಮಾರು ಒಂದೂವರೆ ವರ್ಷ ಹಾಸಿಗೆ ಹಿಡಿದ. ಓರಗೆಯ ಮಕ್ಕಳು ಓಡಿ, ಬಿದ್ದು, ಎದ್ದು ಮೈಯನ್ನು ಹತೋಟಿಗೆ ತಂದುಕೊಳ್ಳುವ ವಯಸ್ಸಿನಲ್ಲಿ ಇವನು ಮಲಗಿದ್ದ. ಕನ್ನಡಕದ ಕಾರಣಕ್ಕೆ ಶಾಲಾ ತಂಡದಲ್ಲೂ ಜಾಗ ಸಿಗಲಿಲ್ಲ. ಇದೇ ಹುಡುಗ ತನ್ನ ಪ್ರಾಂತದ ಗೋಲಿ ಆಟದ ಸ್ಪರ್ಧೆ ಗೆದ್ದಿದ್ದ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಬೆರಳಿನ ಹದವೂ ಗುರಿಯೂ ಅವನಲ್ಲಿದ್ದವು. ಅದು ಪೂರ್ವಜ್ಞಾನ. ಅದನ್ನು ಕೇಳಿದವರಿರಲಿಲ್ಲ.

ಪಾದ್ರಿಯಾಗಬೇಕೆಂದು ಷಿಕಾಗೊದ ಕ್ವಿಗ್ಲಿ ಸೆಮಿನರಿ ಶಾಲೆಯಲ್ಲಿ ಓದಿದ. ಮುಂದೆ ಅದನ್ನು ಬಿಟ್ಟು ಅದೇ ನಗರದ ಡೀಪಾಲ್ ವಿಶ್ವವಿದ್ಯಾಲಯ ಸೇರಿದ. ಆಗ ಹೆಸರಾಗಿದ್ದ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡಕ್ಕೂ ಒಮ್ಮೆ ಪರೀಕ್ಷೆ ಕೊಟ್ಟ. ಆ ದಿನ ಅವನ ಪಾದದಲ್ಲಿ ಮೂಳೆ ಮುರಿದಿತ್ತು. ತರಬೇತುದಾರ ಜಾರ್ಜ್ ಕಿಯೋಗನ್ ಕಂಡದ್ದು ಕಾಲೆಳೆಯುವ, ತೊಡರುವ, ಕನ್ನಡಕದ ಉದ್ದನೆಯ ಹುಡುಗನನ್ನು. ಡೀಪಾಲ್‌ಗೇ ಹಿಂತಿರುಗಿ ಓದಿನ ಕಡೆ ಗಮನ ಕೊಡುವಂತೆ ಹೇಳಿ ಕಳಿಸಿದರು. ಕಿಯೋಗನ್ ಕೆಟ್ಟ ತರಬೇತುದಾರರಲ್ಲ. ಅನುಭವಿಗಳು, ಗೆದ್ದವರು. ಆದರೆ ಒಂದೇ ಅವಲೋಕನದಿಂದ ತೀರ್ಮಾನಕ್ಕೆ ಬಂದರು. ನಾವು ಮಾಡುವುದೂ ಬಹುಮಟ್ಟಿಗೆ ಅದೇ.

1942ರಲ್ಲಿ ಡೀಪಾಲ್‌ಗೆ ಹೊಸ ತರಬೇತುದಾರರು ಬಂದರು. ರೇ ಮೇಯರ್ ಎಂದು ಹೆಸರು, ಇನ್ನೂ ಮೂವತ್ತು ತುಂಬಿರಲಿಲ್ಲ. ಅದಕ್ಕೆ ಮೊದಲು ಅದೇ ನೋಟರ್ ಡೇಮ್‌ನಲ್ಲಿ ಕಿಯೋಗನ್ ಅವರಿಗೆ ಸಹಾಯಕರಾಗಿದ್ದವರು. ಅವರ ಮುಂದೆ ಬಂದು ನಿಂತ ಮೈಕನ್ ಹದಿನೆಂಟರ ಹರೆಯದವನು, ಎತ್ತರ 6 ಅಡಿ 10 ಅಂಗುಲ. ತನ್ನ ಎತ್ತರಕ್ಕೆ ತಾನೇ ನಾಚುತ್ತಿದ್ದ. ಆ ಕಾಲದಲ್ಲಿ ಅಷ್ಟು ಎತ್ತರದವರು ಆಟಕ್ಕೆ ಆಗಿಬರುವುದಿಲ್ಲ, ಅವರ ಕೈಕಾಲು ಒಂದಕ್ಕೊಂದು ಹೊಂದುವುದಿಲ್ಲ ಎಂಬ ನಂಬಿಕೆ ಬಲವಾಗಿತ್ತು. ಮೇಯರ್ ಆ ನಂಬಿಕೆಯನ್ನು ಒಪ್ಪಲಿಲ್ಲ. ಹುಡುಗನಿಗೆ ಏನು ಬರುವುದಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ನೋಡಿದರು.

ಕಾಲುಗಳು ನಿಧಾನವಾಗಿದ್ದವು, ಅದಕ್ಕೆ ಹಗ್ಗದಾಟ ಕೊಟ್ಟರು. ಕೈ ಮತ್ತು ಕಾಲು ಒಟ್ಟಿಗೆ ಚಲಿಸುತ್ತಿರಲಿಲ್ಲ. ಅದಕ್ಕೆ ಮುಷ್ಟಿಯುದ್ಧದ ಅಭ್ಯಾಸ ಮಾಡಿಸಿದರು. ಮೈಯಲ್ಲಿ ಲಯವಿರಲಿಲ್ಲ, ಅದಕ್ಕೆ ನೃತ್ಯ ಕಲಿಯಲು ಹಚ್ಚಿದರು. ಗುಂಪಿನ ನಗೆಗೆ ಒಡ್ಡದೆ ಬೇರೆಯಾಗಿ ಸಮಯ ಕೊಟ್ಟು ಇದನ್ನೆಲ್ಲ ಮಾಡಿಸಿದರು. ಆಮೇಲೆ ಚೆಂಡು. ಬುಟ್ಟಿಯ ಕೆಳಗೆ ನಿಂತು, ತೋಳನ್ನು ಕೊಡಲಿನಂತೆ ಬಾಗಿಸಿ ತಲೆಯ ಮೇಲಿಂದ ಚೆಂಡು ಹಾಕುವ ಹುಕ್ ಎಸೆತವನ್ನು ದಿನಕ್ಕೆ ನೂರಾರು ಸಲ ಮಾಡಿಸಿದರು. ಬಲಗೈಯಲ್ಲಿ ಎಷ್ಟೋ ಎಡಗೈಯಲ್ಲೂ ಅಷ್ಟೇ.

ಇಂದು ಜಗತ್ತಿನಾದ್ಯಂತ ಮೈಕನ್ ಡ್ರಿಲ್ ಎಂದು ಕಲಿಸುವ ಅಭ್ಯಾಸ ಹುಟ್ಟಿದ್ದು ಹೀಗೆ. ಬುಟ್ಟಿಯ ಬಲಬದಿಯಿಂದ ಬಲಗೈಯಲ್ಲಿ ಹಾಕಬೇಕು, ಬಲೆಯಿಂದ ಇಳಿಯುವ ಚೆಂಡನ್ನು ನೆಲಕ್ಕೆ ಬೀಳಗೊಡದೆ ಹಿಡಿಯಬೇಕು, ಒಂದು ಹೆಜ್ಜೆ ಸರಿದು ಎಡಬದಿಯಿಂದ ಎಡಗೈಯಲ್ಲಿ ಹಾಕಬೇಕು. ಮತ್ತೆ ಬಲಕ್ಕೆ. ಪಾದದ ಹೆಜ್ಜೆ, ಎರಡೂ ಕೈಗಳ ಸಮತೋಲ, ಸಮಯಪ್ರಜ್ಞೆ ಮೂರೂ ಒಂದೇ ಅಭ್ಯಾಸದಲ್ಲಿ ಬರುತ್ತವೆ. ಕೌಶಲವನ್ನು ಉಪಕೌಶಲಗಳಾಗಿ ಒಡೆದು ಒಂದೊಂದನ್ನೇ ರೂಢಿ ಮಾಡಿಸುವ ಕ್ರಮವನ್ನು ನಾವು ಅಣುಬೋಧನೆಯಲ್ಲಿ ಕಲಿಸುತ್ತೇವೆ. ಆ ಹೆಸರು ಹುಟ್ಟುವ ಮೊದಲೇ ಮೇಯರ್ ಅದನ್ನು ಅಂಗಳದಲ್ಲಿ ಮಾಡಿ ತೋರಿಸಿದ್ದರು.

ಫಲ ಬೇಗ ಕಂಡಿತು. 1944ರಿಂದ 1946ರವರೆಗೆ ಮೂರು ವರ್ಷ ಮೈಕನ್ ಅಖಿಲ ಅಮೆರಿಕ ಕಾಲೇಜು ತಂಡಕ್ಕೆ ಆಯ್ಕೆಯಾದ. 1945ರ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿಯಲ್ಲಿ ರೋಡ್ ಐಲೆಂಡ್ ತಂಡದ ವಿರುದ್ಧ ಒಬ್ಬನೇ 53 ಅಂಕ ಗಳಿಸಿದ. ಆ ವರ್ಷದ ಪ್ರಶಸ್ತಿ ಡೀಪಾಲ್‌ಗೆ ಬಂತು. ಬುಟ್ಟಿಯ ಅಂಚಿಗೆ ಬಂದ ಎದುರಾಳಿಯ ಚೆಂಡನ್ನು ಅವನು ಕೈಚಾಚಿ ತಳ್ಳಿಬಿಡುತ್ತಿದ್ದ. ಅವನಂತೆಯೇ ಎತ್ತರದ ಬಾಬ್ ಕರ್ಲಂಡ್ ಎಂಬ ಇನ್ನೊಬ್ಬ ಆಟಗಾರನೂ ಹಾಗೆ ಮಾಡುತ್ತಿದ್ದ. ಇಬ್ಬರನ್ನೂ ತಡೆಯಲಾಗದೆ, ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ಮುಟ್ಟಬಾರದೆಂಬ ನಿಯಮವನ್ನು ಕಾಲೇಜು ಆಟಕ್ಕೆ 1944ರಲ್ಲಿ ತಂದರು. ಯಾರನ್ನು ಆಟಕ್ಕೆ ನಾಲಾಯಕ್ಕು ಎಂದಿದ್ದರೋ ಅವನಿಗಾಗಿ ಆಟದ ನಿಯಮವನ್ನೇ ಬದಲಿಸಬೇಕಾಯಿತು.

1946ರಲ್ಲಿ ಷಿಕಾಗೊ ಅಮೆರಿಕನ್ ಗಿಯರ್ಸ್ ತಂಡ ಸೇರಿ ವೃತ್ತಿಪರ ಆಟಗಾರನಾದ. ಮರುವರ್ಷವೇ ತಂಡ ರಾಷ್ಟ್ರೀಯ ಲೀಗ್ ಗೆದ್ದಿತು. ಆ ತಂಡ ಮುಚ್ಚಿದಾಗ ಮಿನಿಯಾಪೊಲಿಸ್ ಲೇಕರ್ಸ್ ಪಾಲಾದ. ಜಾನ್ ಕುಂಡ್ಲಾ ತರಬೇತುದಾರರು. ಜಿಮ್ ಪೊಲಾರ್ಡ್, ವರ್ನ್ ಮಿಕ್ಕೆಲ್ಸನ್, ಸ್ಲೇಟರ್ ಮಾರ್ಟಿನ್ ಜೊತೆಗಾರರು. 1948ರಲ್ಲಿ ಒಂದು ಪ್ರಶಸ್ತಿ ಬಂತು. ಮುಂದೆ ಎನ್.ಬಿ.ಎ. ಆಗಿ ರೂಪುಗೊಂಡ ಲೀಗಿನಲ್ಲಿ 1949, 1950, 1952, 1953 ಮತ್ತು 1954ರಲ್ಲಿ ಐದು ಪ್ರಶಸ್ತಿಗಳು ಬಂದವು. 1949ರಿಂದ ಸತತ ಮೂರು ವರ್ಷ ಲೀಗಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನು ಅವನೇ. ಆಟದ ನಡುವೆಯೇ 1949ರಲ್ಲಿ ಡೀಪಾಲ್‌ನಿಂದ ಕಾನೂನು ಪದವಿಯನ್ನೂ ಪಡೆದ. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ನಡೆಸಿದ ಮತಗಣನೆಯಲ್ಲಿ ಶತಮಾನದ ಮೊದಲರ್ಧದ ಶ್ರೇಷ್ಠ ಬಾಸ್ಕೆಟ್‌ಬಾಲ್ ಆಟಗಾರನೆಂದು ಆಯ್ಕೆಯಾದ.

ವೃತ್ತಿಪರ ಆಟದಲ್ಲೂ ನಿಯಮಗಳು ಅವನನ್ನು ಬೆನ್ನಟ್ಟಿದವು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ, ಮೈಕನ್ ಕೈಗೆ ಚೆಂಡು ಸಿಗದಿದ್ದರೆ ಸಾಕೆಂದು, ಇಡೀ ಆಟದಲ್ಲಿ ಚೆಂಡನ್ನು ತನ್ನವರೊಳಗೇ ಹಿಡಿದುಕೊಂಡು ನಿಂತಿತು. ಪಿಸ್ಟನ್ಸ್ 19, ಲೇಕರ್ಸ್ 18. ಆ ಹದಿನೆಂಟರಲ್ಲಿ 15 ಮೈಕನ್ನದು. ಇಂಥ ಆಟಗಳ ಬೇಸರದಿಂದಲೇ, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಬಂತು. ಅದಕ್ಕೂ ಮುಂಚೆ, 1951ರಲ್ಲಿ, ಅವನು ಬುಟ್ಟಿಯ ಹತ್ತಿರವೇ ನಿಲ್ಲುವುದನ್ನು ತಪ್ಪಿಸಲು ಬುಟ್ಟಿಯ ಮುಂದಿನ ಪಟ್ಟಿಯ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಿದರು. ಪಂದ್ಯಕ್ಕೆ 28.4 ಇದ್ದ ಅವನ ಸರಾಸರಿ ಅಂಕ ಆ ವರ್ಷ 23.8ಕ್ಕೆ ಇಳಿಯಿತು. ಆದರೂ ಆ ವರ್ಷದ ಪ್ರಶಸ್ತಿ ಲೇಕರ್ಸ್‌ಗೇ ಸಿಕ್ಕಿತು.

1954ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಮೈ ತುಂಬ ಪೆಟ್ಟುಗಳನ್ನು ಹೊತ್ತು ನಿವೃತ್ತನಾದ. 1955-56ರಲ್ಲಿ ಮರಳಿ ಬಂದು 37 ಪಂದ್ಯ ಆಡಿದನಾದರೂ ಆಟ ಅಷ್ಟರಲ್ಲಿ ವೇಗ ಪಡೆದಿತ್ತು. 1957ರಲ್ಲಿ ಲೇಕರ್ಸ್ ತಂಡದ ತರಬೇತುದಾರನಾದ. 9 ಗೆಲುವು, 30 ಸೋಲು. ಋತುವಿನ ನಡುವೆಯೇ ಹುದ್ದೆ ಬಿಟ್ಟ. ತಂಡ ಮೊದಲಿನ ತಂಡವಾಗಿ ಉಳಿದಿರಲಿಲ್ಲ ಎಂಬುದೂ ನಿಜ. ಆದರೂ ಈ ಭಾಗವನ್ನು ನಾನು ತರಗತಿಯಲ್ಲಿ ಬಿಡುವುದಿಲ್ಲ. ಕೌಶಲ ಬಲ್ಲವರೆಲ್ಲ ಅದನ್ನು ಕಲಿಸಬಲ್ಲರು ಎಂದುಕೊಂಡು ಬರುವ ಕ್ರೀಡಾಪಟುಗಳು ನಮ್ಮ ಕಾಲೇಜಿಗೆ ಪ್ರತಿ ವರ್ಷ ಬರುತ್ತಾರೆ. ಬಲ್ಲವನಾಗುವುದು ಒಂದು ವಿದ್ಯೆ, ಕಲಿಸುವುದು ಇನ್ನೊಂದು. ಮೇಯರ್ ವೃತ್ತಿಪರ ಆಟದ ತಾರೆಯೇನೂ ಆಗಿರಲಿಲ್ಲ. ಆದರೆ 1984ರವರೆಗೆ 42 ವರ್ಷ ಅದೇ ಡೀಪಾಲ್‌ನಲ್ಲಿ ಕಲಿಸಿದರು.

ಮೈಕನ್ ವಕೀಲನಾಗಿ ದುಡಿದ. 1967ರಲ್ಲಿ ಹೊಸದಾಗಿ ಹುಟ್ಟಿದ ಅಮೆರಿಕನ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ನಿನ ಮೊದಲ ಆಯುಕ್ತನಾದ. ಕೆಂಪು, ಬಿಳಿ, ನೀಲಿ ಬಣ್ಣದ ಚೆಂಡನ್ನು ಆ ಲೀಗಿಗೆ ತಂದವನು ಅವನು. ದೂರದಿಂದ ಹಾಕಿದ ಚೆಂಡಿಗೆ ಮೂರು ಅಂಕ ಕೊಡುವ ಪದ್ಧತಿಯನ್ನು ಆ ಲೀಗ್ ಬಳಕೆಗೆ ತಂದಿತು, ಎನ್.ಬಿ.ಎ. ಅದನ್ನು 1979ರಲ್ಲಿ ಒಪ್ಪಿಕೊಂಡಿತು. ಬುಟ್ಟಿಯ ಕೆಳಗೆ ನಿಂತು ಗೆದ್ದವನೇ ಬುಟ್ಟಿಯಿಂದ ದೂರ ನಿಲ್ಲುವ ಗಿಡ್ಡ ಆಟಗಾರನಿಗೆ ದಾರಿ ಮಾಡಿಕೊಟ್ಟ.

ಕೊನೆಯ ವರ್ಷಗಳು ಕಷ್ಟದವು. ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ಕತ್ತರಿಸಬೇಕಾಯಿತು, ಮೂತ್ರಪಿಂಡಗಳು ಕೈಕೊಟ್ಟವು. ಹಳೆಯ ಆಟಗಾರರಿಗೆ ಸಿಗುತ್ತಿದ್ದ ಪಿಂಚಣಿ ತೀರ ಕಡಿಮೆಯಿತ್ತು. ತನಗೂ ತನ್ನ ಓರಗೆಯವರಿಗೂ ಅದನ್ನು ಹೆಚ್ಚಿಸಬೇಕೆಂದು ಹೋರಾಡುತ್ತಲೇ 2005ರ ಜೂನ್ 1ರಂದು ತೀರಿಕೊಂಡ. ಅಂತ್ಯಕ್ರಿಯೆಯ ಖರ್ಚು ತಾನು ಕೊಡುವುದಾಗಿ ಮುಂದೆ ಬಂದವನು ಮೈಕನ್ ತುಳಿದ ದಾರಿಯಲ್ಲಿ ನಡೆದು ಹೆಸರಾದ ಶಕೀಲ್ ಓನೀಲ್. ಎತ್ತರದ ಆಟಗಾರನಿಗೆ ಅಂಗಳದಲ್ಲಿ ಜಾಗ ಮಾಡಿಕೊಟ್ಟದ್ದು ಯಾರು ಎಂಬುದು ಅವನಿಗೆ ತಿಳಿದಿತ್ತು.

ಇನ್ನು ನಮ್ಮ ಶಾಲೆಯ ವಿಷಯ. ಮರುದಿನ ಆ ಪ್ರಶಿಕ್ಷಣಾರ್ಥಿಯನ್ನು ಕರೆದು, ತಪ್ಪು ಅವನದಷ್ಟೇ ಅಲ್ಲ, ಸಹಿ ಹಾಕಿದ ನನ್ನದೂ ಹೌದೆಂದು ಹೇಳಿದೆ. ಮೈಕನ್ ಕಥೆ ಹೇಳಿದೆ. ಪಟ್ಟಿಯಲ್ಲಿ ಸಾಮರ್ಥ್ಯ ಕಡಿಮೆ ಎಂದಿದ್ದ ಕಡೆ, ಆ ಹುಡುಗನಿಗೆ ಯಾವ ಉಪಕೌಶಲ ಬಂದಿಲ್ಲ ಎಂದು ಬರೆದು ತರಲು ಹೇಳಿದೆ. ಎರಡು ಸಾಲು ಬರೆದು ತಂದ: ಚೆಂಡು ಬರುವಾಗ ಕಣ್ಣು ಮುಚ್ಚುತ್ತಾನೆ, ಹಿಮ್ಮಡಿಯ ಮೇಲೆ ನಿಲ್ಲುತ್ತಾನೆ. ಎರಡೂ ಕಲಿಸಬಹುದಾದವು. ಉಳಿದ ಮೂರು ವಾರ, ಬೆಳಗಿನ ಪ್ರಾರ್ಥನೆಗೆ ಹತ್ತು ನಿಮಿಷ ಮುಂಚೆ, ಯಾರೂ ನೋಡದ ಹೊತ್ತಿನಲ್ಲಿ, ಅವನಿಂದ ಹಗ್ಗದಾಟ ಆಡಿಸಿ ಹತ್ತಿರದಿಂದ ಚೆಂಡು ಹಿಡಿಸಿದ.

ಆ ಹುಡುಗ ದೊಡ್ಡ ಆಟಗಾರನಾದ ಎಂದು ನಾನು ಹೇಳುತ್ತಿಲ್ಲ. ಬೋಧನಾಭ್ಯಾಸದ ಕೊನೆಯ ಪಾಠದಲ್ಲಿ ಅಂಕದ ಪುಸ್ತಕ ಕೊಡಹೋದಾಗ ಅವನು ತೆಗೆದುಕೊಳ್ಳಲಿಲ್ಲ, ಸಾಲಿನಲ್ಲಿ ಹೋಗಿ ನಿಂತ. ಆ ದಿನವೂ ಒಮ್ಮೆ ಚೆಂಡು ಕೈಬಿಟ್ಟ, ತಾನೇ ಓಡಿಹೋಗಿ ತಂದ. ಈಗ ನಾನು ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಮಗುವಿಗೆ ಬರುವುದಿಲ್ಲ ಎಂದು ಬರೆದಿದ್ದೀಯಲ್ಲ, ಕಲಿಸಿ ನೋಡಿದೆಯಾ? ಉತ್ತರ ಬರುವವರೆಗೆ ಪಟ್ಟಿ ನನ್ನ ಮೇಜಿನ ಮೇಲೆಯೇ ಇರುತ್ತದೆ.