ಎರಡು ಚಕ್ರಗಳ ಜಗಳ ಮತ್ತು ಫರ್ಡಿನಾಂಡ್ ಪೋರ್ಷೆ

ಹೋದ ತಿಂಗಳು ನಮ್ಮ ವರ್ಕ್‌ಶಾಪಲ್ಲಿ ಒಂದು ದೊಡ್ಡ ವಾದ ನಡೀತು. ನಮ್ಮ ಟೀಮ್ ಕಟ್ತಾ ಇರೋ ಕೆಸರು ಟ್ರ್ಯಾಕಿನ ಗಾಡಿಗೆ ಡಿಫರೆನ್ಷಿಯಲ್ ವೆಲ್ಡ್ ಮಾಡಿಬಿಡೋದಾ, ಇಲ್ಲಾ ದುಡ್ಡು ಕೂಡಿಸಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದ್ರೆ ಎಲ್‌ಎಸ್‌ಡಿ ಹಾಕೋದಾ ಅಂತ. ಫೈನಲ್ ಇಯರ್ ಅಣ್ಣ ಒಬ್ಬರು ವೆಲ್ಡಿಂಗ್ ರಾಡ್ ಹಿಡ್ಕೊಂಡೇ ಮಾತಾಡ್ತಿದ್ರು. ನಾನು ಎಲ್‌ಎಸ್‌ಡಿ ಪಕ್ಷ. ವಾದದಲ್ಲಿ ಗೆಲ್ಲೋಕೆ ಅಂತ ಓದೋಕೆ ಕೂತಾಗ ಪದೇ ಪದೇ ಎದುರಾದ ಹೆಸರು ಫರ್ಡಿನಾಂಡ್ ಪೋರ್ಷೆ. ಪೋರ್ಷೆ ಕಾರಿನ ಪೋಸ್ಟರ್ ಹಾಸ್ಟೆಲ್ ಗೋಡೆ ಮೇಲೆ ಎಷ್ಟೋ ಜನ ಅಂಟಿಸಿದ್ದಾರೆ. ಆ ಮನುಷ್ಯನ ಕಥೆ ಮಾತ್ರ ನನಗೆ ಅಲ್ಲಿವರೆಗೂ ಗೊತ್ತಿರ್ಲಿಲ್ಲ.

ಮೊದಲು ಸಿಎಸ್, ಇಸಿ ಗೆಳೆಯರಿಗೆ ಸಮಸ್ಯೆ ಏನು ಅಂತ ಹೇಳಿಬಿಡ್ತೀನಿ. ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಎರಡು ಚಕ್ರಗಳ ನಡುವೆ 1.3 ಮೀಟರ್ ಇದ್ದರೆ, 90 ಡಿಗ್ರಿ ತಿರುವಿನಲ್ಲಿ ವ್ಯತ್ಯಾಸ ಸುಮಾರು 2 ಮೀಟರ್. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಅದು ಅಷ್ಟೇ. ಬೇಕಾದ್ರೆ ಲೆಕ್ಕ ಹಾಕಿ ನೋಡಿ. ಹೀಗೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋದೇ ಡಿಫರೆನ್ಷಿಯಲ್. ಆದರೆ ಮಾಮೂಲಿ ಡಿಫರೆನ್ಷಿಯಲ್ ಎರಡೂ ಕಡೆಗೆ ಒಂದೇ ಟಾರ್ಕ್ ಕೊಡುತ್ತೆ. ಒಂದು ಚಕ್ರ ಕೆಸರಲ್ಲಿ ಜಾರಿದರೆ ಅದಕ್ಕೆ ಸಿಗೋ ಚೂರು ಟಾರ್ಕೇ ಗಟ್ಟಿ ನೆಲದ ಮೇಲಿರೋ ಚಕ್ರಕ್ಕೂ ಸಿಗೋದು. ಗಾಡಿ ನಿಂತಲ್ಲೇ ನಿಲ್ಲುತ್ತೆ. ಅದಕ್ಕೇ ಕೆಲವರು ಒಳಗಿನ ಗೇರ್‌ಗಳನ್ನ ವೆಲ್ಡ್ ಮಾಡಿ ಎರಡು ಚಕ್ರಗಳನ್ನ ಒಂದೇ ಮಾಡಿಬಿಡ್ತಾರೆ.

ಪೋರ್ಷೆ ಹುಟ್ಟಿದ್ದು 1875ರಲ್ಲಿ, ಬೊಹೀಮಿಯಾದ ಮಾಫರ್ಸ್‌ಡಾರ್ಫ್ ಅನ್ನೋ ಊರಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ, ಈಗ ಚೆಕ್ ಗಣರಾಜ್ಯ. ಅಪ್ಪ ತಗಡಿನ ಕೆಲಸದವನು. ಅಣ್ಣ ಕೆಲಸದ ಜಾಗದಲ್ಲೇ ಅಪಘಾತದಲ್ಲಿ ತೀರಿಕೊಂಡಿದ್ದರಿಂದ ಅಪ್ಪನ ಅಂಗಡಿ ಇವನೇ ನೋಡ್ಕೋಬೇಕಿತ್ತು. ಹುಡುಗನಿಗೆ ಮಾತ್ರ ಕರೆಂಟಿನ ಹುಚ್ಚು. ತಾನೇ ವೈರಿಂಗ್ ಮಾಡಿ ಮನೆಗೆ ವಿದ್ಯುತ್ ದೀಪ ಹಾಕಿದ. 18ನೇ ವಯಸ್ಸಿಗೆ ವಿಯೆನ್ನಾಕ್ಕೆ ಹೋಗಿ ಎಲೆಕ್ಟ್ರಿಕಲ್ ಕಂಪನಿ ಸೇರಿದ. ಅಲ್ಲಿನ ಟೆಕ್ನಿಕಲ್ ಕಾಲೇಜಿನ ಕ್ಲಾಸ್‌ಗಳಿಗೆ ಅಡ್ಮಿಷನ್ ಇಲ್ಲದೇನೇ ನುಗ್ಗಿ ಕೂರ್ತಿದ್ದ. ಡಿಗ್ರಿ ಅಂತ ಯಾವತ್ತೂ ಓದಿ ಪಡೀಲಿಲ್ಲ. ಮುಂದೆ ಅದೇ ಊರಿನವರು ಕರೆದು ಗೌರವ ಡಾಕ್ಟರೇಟ್ ಕೊಟ್ಟರು. ನಾವು ಅಡ್ಮಿಷನ್ ಇದ್ದೂ ಕ್ಲಾಸ್‌ಗೆ ಹೋಗಲ್ಲ, ಆ ಮಾತು ಬೇರೆ.

1898ರಲ್ಲಿ ಲೋನರ್ ಅನ್ನೋ ಕುದುರೆಗಾಡಿ ಕಂಪನಿ ಸೇರಿದ. 1900ರ ಪ್ಯಾರಿಸ್ ವಿಶ್ವಮೇಳದಲ್ಲಿ ಇವನ ಎಲೆಕ್ಟ್ರಿಕ್ ಕಾರ್ ಬಂತು. ಅದರಲ್ಲಿ ಮುಂದಿನ ಎರಡೂ ಚಕ್ರಗಳ ಒಳಗೇ ಒಂದೊಂದು ಮೋಟರ್. ಚೈನ್ ಇಲ್ಲ, ಗೇರ್ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ಪ್ರತಿ ಚಕ್ರಕ್ಕೂ ಅದರದೇ ಮೋಟರ್ ಇದ್ದ ಮೇಲೆ ಎರಡನ್ನ ಜೋಡಿಸೋ ಪ್ರಶ್ನೆಯೇ ಬರಲ್ಲ ಅಲ್ವಾ? ಬ್ಯಾಟರಿ ಮಾತ್ರ ನೂರಾರು ಕೆಜಿ ತೂಗ್ತಿತ್ತು. ಹಾಗಾಗಿ ಪೆಟ್ರೋಲ್ ಎಂಜಿನ್‌ನಿಂದ ಕರೆಂಟ್ ಮಾಡಿ ಆ ಮೋಟರ್‌ಗಳಿಗೆ ಕೊಡೋ ಗಾಡಿಯನ್ನೂ ಮಾಡಿದ. ಇವತ್ತು ನಾವು ಹೈಬ್ರಿಡ್ ಅಂತ ಕರೆಯೋದು ಅದನ್ನೇ.

ಆಮೇಲೆ ಆಸ್ಟ್ರೋ-ಡೈಮ್ಲರ್, ಸ್ಟುಟ್‌ಗಾರ್ಟ್‌ನ ಡೈಮ್ಲರ್, ಸ್ಟೈರ್ ಹೀಗೆ ಕಂಪನಿ ಬದಲಾಯಿಸ್ತಾ ಹೋದ. 1910ರ ಪ್ರಿನ್ಸ್ ಹೆನ್ರಿಕ್ ಸ್ಪರ್ಧೆಯಲ್ಲಿ ತಾನು ಡಿಸೈನ್ ಮಾಡಿದ ಕಾರನ್ನ ತಾನೇ ಓಡಿಸಿ ಗೆದ್ದ. ಆದರೆ ಮ್ಯಾನೇಜ್‌ಮೆಂಟ್ ಜೊತೆ ಎಲ್ಲೂ ಹೊಂದಾಣಿಕೆ ಆಗ್ಲಿಲ್ಲ. ಕೊನೆಗೆ 1931ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ಡಿಸೈನ್ ಆಫೀಸ್ ತೆರೆದ. ಆಗ ಅವನಿಗೆ 55 ವರ್ಷ.

ನಮ್ಮ ವರ್ಕ್‌ಶಾಪ್ ಜಗಳಕ್ಕೆ ಉತ್ತರ ಸಿಗೋದು ಇಲ್ಲಿಂದ ಮುಂದೆ. 1934ರಿಂದ ಗ್ರಾಂಡ್ ಪ್ರಿ ರೇಸ್‌ಗೆ ಹೊಸ ನಿಯಮ ಬಂತು. ಕಾರಿನ ತೂಕ 750 ಕೆಜಿ ಮೀರಬಾರದು, ಎಂಜಿನ್ ಎಷ್ಟು ದೊಡ್ಡದಾದರೂ ಇರಲಿ. ಆಟೋ ಯೂನಿಯನ್ ಕಂಪನಿಗೆ ಪೋರ್ಷೆ ಮಾಡಿಕೊಟ್ಟ ಕಾರಲ್ಲಿ 16 ಸಿಲಿಂಡರ್ ಎಂಜಿನ್ ಡ್ರೈವರ್ ಬೆನ್ನ ಹಿಂದೆ ಕೂತಿತ್ತು. ಶಕ್ತಿ ಸುಮಾರು 295 ಅಶ್ವಶಕ್ತಿ, ಟೈರ್ ಮಾತ್ರ ಸಣ್ಣ. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬಿದ್ದು ಒಳಗಿನದು ಹಗುರ ಆಗುತ್ತಿತ್ತು. ಡ್ರೈವರ್ ಆಕ್ಸಿಲರೇಟರ್ ಒತ್ತಿದರೆ ಆ ಹಗುರ ಚಕ್ರ ಸುಮ್ಮನೆ ಗಿರಗಿರ ಸುತ್ತೋದು. ಗಂಟೆಗೆ 160 ಕಿ.ಮೀ. ಹತ್ತಿರದ ವೇಗದಲ್ಲೂ ಹೀಗೇ ಆಗ್ತಿತ್ತಂತೆ.

ಎರಡೂ ಚಕ್ರಗಳನ್ನ ಪೂರ್ತಿ ಬಿಗಿದುಬಿಡೋ ದಾರಿ ಆಗಲೂ ಇತ್ತು. ಇಂಗ್ಲೆಂಡಿನ ಫ್ರೇಜರ್ ನ್ಯಾಶ್ ಕಾರುಗಳು ಡಿಫರೆನ್ಷಿಯಲ್ ಇಲ್ಲದೇನೇ ಓಡ್ತಿದ್ವು. ಆದರೆ ಹಾಗೆ ಬಿಗಿದರೆ ಆ 2 ಮೀಟರ್ ವ್ಯತ್ಯಾಸ ಎಲ್ಲಿಗೆ ಹೋಗಬೇಕು? ಟೈರ್ ನೆಲಕ್ಕೆ ಉಜ್ಜಿಕೊಂಡು ಸವೀಬೇಕು, ಆಕ್ಸಲ್ ತಿರುಚಿಕೊಳ್ಳಬೇಕು, ಗಾಡಿ ತಿರುಗೋಕೆ ಒಪ್ಪದೆ ನೇರ ಹೋಗಬೇಕು. ಇಷ್ಟು ಶಕ್ತಿಯ ಕಾರಿನಲ್ಲಿ ದೂರದ ರೇಸ್‌ಗೆ ಅದು ಆಗದ ಮಾತು. ಪೋರ್ಷೆ ಝಡ್‌ಎಫ್ ಕಂಪನಿ ಹತ್ರ ಹೋದ. ಜೆಪ್ಪೆಲಿನ್ ಆಕಾಶನೌಕೆಗಳಿಗೆ ಗೇರ್ ಮಾಡೋಕೆ ಅಂತ ಹುಟ್ಟಿದ ಕಂಪನಿ ಅದು. 1935ರ ಹೊತ್ತಿಗೆ ಅವರ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬಂತು.

ಅದರ ಒಳಗೆ ಮಾಮೂಲಿ ಗೇರ್ ಬದಲು ಉಬ್ಬುತಗ್ಗಿನ ಎರಡು ಉಂಗುರ, ನಡುವೆ ಜಾರೋ ಚಿಕ್ಕ ಕಬ್ಬಿಣದ ತುಂಡುಗಳು. ಒಂದು ಉಂಗುರ ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ. ಎರಡೂ ಒಂದೇ ವೇಗದಲ್ಲಿದ್ದರೆ ಎಲ್ಲಾ ಸೇರಿ ತಿರುಗುತ್ತೆ. ಒಂದು ಚಕ್ರ ಮುಂದೆ ಓಡೋಕೆ ಹೋದರೆ ತುಂಡುಗಳು ಉಬ್ಬುತಗ್ಗಿನ ಮೇಲೆ ತಿಕ್ಕಿಕೊಂಡು ಜಾರಬೇಕು. ಆ ತಿಕ್ಕಾಟ ಜಾರೋ ಚಕ್ರವನ್ನ ತಡೆದು ಟಾರ್ಕನ್ನ ನಿಧಾನ ಇರೋ ಚಕ್ರಕ್ಕೆ ಕಳಿಸುತ್ತೆ. ತಿರುವಿಗೆ ಬೇಕಾದಷ್ಟು ಸ್ವಾತಂತ್ರ್ಯ ಇದೆ, ಪೂರ್ತಿ ಬಿಟ್ಟೂ ಇಲ್ಲ. ತೊಂದರೆ ಏನಂದ್ರೆ ತಿಕ್ಕಾಟದಿಂದ ಬಿಸಿಯಾಗಿ ಭಾಗಗಳು ಸವೀತವೆ. ಆದರೂ ರೇಸ್‌ನಲ್ಲಿ ಉಪಯೋಗಕ್ಕೆ ಬಂತು. 1936ರಲ್ಲಿ ಆಟೋ ಯೂನಿಯನ್ ಓಡಿಸಿ ಬೆರ್ನ್ಡ್ ರೋಸ್‌ಮೇಯರ್ ಯುರೋಪಿಯನ್ ಚಾಂಪಿಯನ್ ಆದ.

ಇಲ್ಲಿಗೆ ಕಥೆ ನಿಲ್ಲಿಸಿದ್ರೆ ನನಗೂ ಖುಷಿ ಇರ್ತಿತ್ತು. ಆದರೆ ಆ ರೇಸ್ ಕಾರುಗಳಿಗೆ ಹಿಟ್ಲರ್ ಸರ್ಕಾರದ ದುಡ್ಡು ಬರ್ತಿತ್ತು. 1934ರಲ್ಲಿ ಜನರ ಕಾರ್, ಅಂದ್ರೆ ಫೋಕ್ಸ್‌ವ್ಯಾಗನ್ ಡಿಸೈನ್ ಮಾಡೋ ಕೆಲಸ ಪೋರ್ಷೆಗೆ ಸಿಕ್ತು. 1937ರಲ್ಲಿ ನಾಜಿ ಪಕ್ಷವನ್ನೂ ಸೇರಿದ. ಕಾರ್ ಕೊಳ್ಳೋಕೆ ಅಂತ 3 ಲಕ್ಷಕ್ಕೂ ಹೆಚ್ಚು ಜನ ವಾರ ವಾರ ದುಡ್ಡು ಕಟ್ಟಿದ್ರು. ಯುದ್ಧ ಬಂತು, ಅವರಲ್ಲಿ ಯಾರಿಗೂ ಕಾರ್ ಸಿಗಲಿಲ್ಲ. ಅದೇ ಫ್ಯಾಕ್ಟರಿಯಿಂದ ಕ್ಯೂಬೆಲ್‌ವಾಗನ್ ಅನ್ನೋ ಸೈನ್ಯದ ಗಾಡಿ ಬಂತು. ಫೋರ್ ವೀಲ್ ಡ್ರೈವ್ ಇಲ್ಲದಿದ್ರೂ ರಷ್ಯಾದ ಕೆಸರು, ಆಫ್ರಿಕಾದ ಮರಳಿನಲ್ಲಿ ಅದು ಓಡ್ತಿತ್ತು. ಕಾರಣ ಅದರ ಹಗುರ ಮೈ ಮತ್ತು ಝಡ್‌ಎಫ್‌ನ ಅದೇ ಎಲ್‌ಎಸ್‌ಡಿ.

ಆ ಗಾಡಿಗಳನ್ನ ಜೋಡಿಸಿದ ಕೈಗಳಲ್ಲಿ ಹೆಚ್ಚಿನವು ಬಲವಂತವಾಗಿ ಹಿಡಿದು ತಂದವರ ಕೈಗಳು. ಪೋಲೆಂಡ್, ಸೋವಿಯತ್ ಒಕ್ಕೂಟದ ಜನ, ಯುದ್ಧಕೈದಿಗಳು, ಕಾನ್ಸಂಟ್ರೇಷನ್ ಕ್ಯಾಂಪಿನ ಕೈದಿಗಳು. ಅಲ್ಲಿ ಕೆಲಸಕ್ಕಿದ್ದ ಹೆಂಗಸರಿಂದ ಕಿತ್ತುಕೊಂಡ ಹಸುಗೂಸುಗಳಲ್ಲಿ 300ಕ್ಕೂ ಹೆಚ್ಚು ಮಕ್ಕಳು ಫ್ಯಾಕ್ಟರಿ ನಡೆಸುತ್ತಿದ್ದ ಶಿಶುಗೃಹದಲ್ಲಿ ಸತ್ತವು. ಆ ಫ್ಯಾಕ್ಟರಿಯನ್ನ ನಡೆಸಿದವರಲ್ಲಿ ಪೋರ್ಷೆಯೂ ಒಬ್ಬ. ಇದನ್ನ ಓದಿದ ರಾತ್ರಿ ನಾನು ಡಿಫರೆನ್ಷಿಯಲ್ ಬಗ್ಗೆ ಮುಂದೆ ಓದಲಿಲ್ಲ.

ಟೈಗರ್ ಟ್ಯಾಂಕಿಗೂ ಒಂದು ಡಿಸೈನ್ ಕೊಟ್ಟ. ಅದರಲ್ಲಿ ಮತ್ತೆ ಯೌವನದ ಐಡಿಯಾ: ಪೆಟ್ರೋಲ್ ಎಂಜಿನ್, ಜನರೇಟರ್, ಎರಡು ಪಟ್ಟಿಗಳಿಗೆ ಬೇರೆ ಬೇರೆ ಮೋಟರ್. ತಾಮ್ರ ಬಹಳ ಬೇಕಾಗ್ತಿತ್ತು, ಕೆಡೋದೂ ಜಾಸ್ತಿ. ಹೆನ್ಷೆಲ್ ಕಂಪನಿಯ ಡಿಸೈನ್ ಆಯ್ಕೆ ಆಯ್ತು. ಮೊದಲೇ ಮಾಡಿಟ್ಟಿದ್ದ ಸುಮಾರು 90 ಚಾಸಿಗಳನ್ನ ಟ್ಯಾಂಕ್ ಹೊಡೆಯೋ ಗಾಡಿ ಮಾಡಿ, ಅದಕ್ಕೆ ಇವನದೇ ಹೆಸರು ಫರ್ಡಿನಾಂಡ್ ಅಂತ ಇಟ್ಟರು.

ಯುದ್ಧ ಮುಗಿದ ಮೇಲೆ, 1945ರ ಕೊನೆಗೆ ಫ್ರೆಂಚರು ಪೋರ್ಷೆಯನ್ನ ಬಂಧಿಸಿದರು. ಸುಮಾರು 20 ತಿಂಗಳು ಜೈಲು. 1947ರಲ್ಲಿ ಹೊರಗೆ ಬಂದಾಗ ಆರೋಗ್ಯ ಕೆಟ್ಟಿತ್ತು. ಅಷ್ಟರಲ್ಲಿ ಮಗ ಫೆರಿ, ಆಸ್ಟ್ರಿಯಾದ ಗ್ಮುಂಡ್ ಅನ್ನೋ ಊರಲ್ಲಿ ಹೊಸ ಸ್ಪೋರ್ಟ್ಸ್ ಕಾರಿಗೆ ಕೈ ಹಾಕಿದ್ದ. ಪೋರ್ಷೆ ಹೆಸರಿನ ಮೊದಲ ಕಾರ್, 356, ಬಂದಿದ್ದು 1948ರಲ್ಲಿ. 1950ರ ಕೊನೆಗೆ ಪೋರ್ಷೆ ವೋಲ್ಫ್ಸ್‌ಬರ್ಗ್‌ಗೆ ಹೋಗಿ ಸಾಲು ಸಾಲಾಗಿ ಹೊರಬರ್ತಿದ್ದ ಫೋಕ್ಸ್‌ವ್ಯಾಗನ್‌ಗಳನ್ನ ನೋಡಿದ. ಅದಾದ ಸ್ವಲ್ಪ ದಿನಕ್ಕೇ ಪಾರ್ಶ್ವವಾಯು ಹೊಡೀತು. 1951ರ ಜನವರಿ 30ರಂದು ಸ್ಟುಟ್‌ಗಾರ್ಟ್‌ನಲ್ಲಿ ತೀರಿಕೊಂಡ.

ವರ್ಕ್‌ಶಾಪ್ ವಾದ ಏನಾಯ್ತು ಅಂತೀರಾ? ನಾನೇ ಸೋತೆ. ನಮ್ಮ ಗಾಡಿ ಹಗುರ, ಶಕ್ತಿ ಕಮ್ಮಿ, ಓಡೋದು ಕೆಸರಲ್ಲಿ. ಕೆಸರಲ್ಲಿ ಟೈರ್ ಜಾರಿಕೊಂಡೇ ಆ 2 ಮೀಟರ್ ಸರಿಮಾಡ್ಕೊಳ್ಳುತ್ತೆ. ಜೇಬಲ್ಲಿ ದುಡ್ಡೂ ಇಲ್ಲ. ಹಾಗಾಗಿ ವೆಲ್ಡೇ ಸರಿ. ಡಾಂಬರು ರಸ್ತೆಯ ಗಾಡಿ ಆಗಿದ್ರೆ ನಾನು ಬಿಡ್ತಾ ಇರ್ಲಿಲ್ಲ. ಯಾವ ಕೆಲಸಕ್ಕೆ ಅಂತ ಕೇಳದೆ ಎರಡರಲ್ಲಿ ಯಾವುದು ಒಳ್ಳೇದು ಅಂತ ಹೇಳೋಕಾಗಲ್ಲ. ಈ ಪ್ರಶ್ನೆಯನ್ನ ಪೋರ್ಷೆ ಜೀವನಪೂರ್ತಿ ಕೇಳಿದ, ಅದ್ಭುತವಾದ ಉತ್ತರಗಳನ್ನೂ ಕೊಟ್ಟ. ಯಾರಿಗೋಸ್ಕರ, ಯಾರ ಬೆನ್ನ ಮೇಲೆ ಅನ್ನೋದನ್ನ ಮಾತ್ರ ಕೇಳಿಕೊಂಡ ಹಾಗೆ ಕಾಣಲ್ಲ. ಇನ್ನೆರಡು ವರ್ಷಕ್ಕೆ ನಾವೂ ಪ್ಲೇಸ್‌ಮೆಂಟ್‌ಗೆ ಕೂರ್ತೀವಿ. ಆಗ ಪ್ಯಾಕೇಜ್ ಎಷ್ಟು ಅನ್ನೋದರ ಜೊತೆಗೆ ಆ ಎರಡನೇ ಪ್ರಶ್ನೆಯನ್ನೂ ಕೇಳೋ ಧೈರ್ಯ ನನಗಿರುತ್ತಾ ಅಂತ ಯೋಚನೆ ಆಗುತ್ತೆ.

ಶನಿವಾರ ಮಧ್ಯಾಹ್ನ ವೆಲ್ಡಿಂಗ್ ಇದೆ. ನೋಡೋಕೆ ಬರೋರು ಬನ್ನಿ, ಕನ್ನಡಕ ಮಾತ್ರ ಮರೀಬೇಡಿ.