ವಿಯೆನ್ನಾದ ಶಸ್ತ್ರವೈದ್ಯ ವೆರ್ಟ್‌ಹೈಮ್

ರೇಡಿಯಂ ಎಂದೊಡನೆ ಮದಾಂ ಕ್ಯೂರಿಯ ನೆನಪಾಗುವುದು ಸಹಜ. ಆಕೆಯ ಚರಿತ್ರೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೇ ಓದಿರುತ್ತಾರೆ. ಆದರೆ ಗರ್ಭಕೋಶದ ಕೊರಳಿನಲ್ಲಿ ಏಳುವ ಕ್ಯಾನ್ಸರನ್ನು ಶಸ್ತ್ರದಿಂದ ಗುಣಪಡಿಸುವ ದಾರಿಯನ್ನು ತೋರಿಸಿದ ಎರ್ನ್‌ಸ್ಟ್ ವೆರ್ಟ್‌ಹೈಮರ ಹೆಸರು ವೈದ್ಯರಲ್ಲಿ ಪ್ರಸಿದ್ಧವಾಗಿದ್ದರೂ ನಮ್ಮ ಮನೆಗಳಿಗೆ ತಲುಪಿಲ್ಲ. ಈ ರೋಗದ ಮಾತನ್ನೆತ್ತಲು ನಮ್ಮಲ್ಲಿ ಸಂಕೋಚ. ಆ ಸಂಕೋಚದಿಂದಲೇ ಎಷ್ಟೋ ತಾಯಂದಿರು ತಡವಾಗಿ ವೈದ್ಯರಲ್ಲಿಗೆ ಹೋಗುತ್ತಾರೆ. ಆದುದರಿಂದ ಸಂಘದ ಸಂಚಿಕೆಗೆ ಇದು ತಕ್ಕ ವಿಷಯವೆಂದೇ ನನ್ನ ಭಾವನೆ.

ವೆರ್ಟ್‌ಹೈಮರು ಹುಟ್ಟಿದ್ದು 1864ನೆಯ ಫೆಬ್ರವರಿ 21ರಂದು, ಆಸ್ಟ್ರಿಯಾದ ಗ್ರಾಟ್ಸ್ ಪಟ್ಟಣದಲ್ಲಿ. ತಂದೆ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಬೆಳ್ಳುಳ್ಳಿಯ ಎಣ್ಣೆಯನ್ನು ಬಟ್ಟಿಯಿಳಿಸಿ ಪರೀಕ್ಷಿಸಿದವರೆಂದು ಅವರಿಗೆ ಹೆಸರಿತ್ತು. ಮಗ ಹುಟ್ಟಿದ ವರ್ಷವೇ ಅವರು ತೀರಿಕೊಂಡರು. ಹುಡುಗನು ಹುಟ್ಟೂರಿನಲ್ಲಿಯೇ ವೈದ್ಯವಿದ್ಯೆಯನ್ನು ಕಲಿತು 1888ರಲ್ಲಿ ಪದವಿ ಪಡೆದನು. ಮುಂದೆ ಪ್ರಾಗ್ ನಗರದಲ್ಲಿ ಶೌಟಾ ಎಂಬ ಹೆಸರಾಂತ ಸ್ತ್ರೀರೋಗತಜ್ಞರ ಶಿಷ್ಯತ್ವ ದೊರೆಯಿತು. ಗುರುಗಳು 1891ರಲ್ಲಿ ವಿಯೆನ್ನಾಕ್ಕೆ ಹೋದಾಗ ಶಿಷ್ಯರೂ ಜೊತೆಗೆ ಹೋದರು. 1897ರಲ್ಲಿ ಅಲ್ಲಿನ ಎಲಿಸಬೆತ್ ಆಸ್ಪತ್ರೆಯ ಬೆಟ್ಟಿನಾ ವಿಭಾಗದ ಮುಖ್ಯಸ್ಥರಾದರು.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಹೊಟ್ಟೆಯನ್ನು ತೆರೆದು ಕ್ಯಾನ್ಸರ್ ತಗುಲಿದ ಗರ್ಭಕೋಶವನ್ನು ತೆಗೆಯುವ ಕ್ರಮವನ್ನು ಫ್ರಾಯಿಂಡ್ ಎಂಬವರು 1878ರಲ್ಲಿ ತೋರಿಸಿದ್ದರು. ಅದಕ್ಕೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಸ್ತ್ರಕ್ರಿಯೆಯಿಂದಲೇ ಸಾಯುತ್ತಿದ್ದರು. ಉಳಿದವರಿಗೂ ರೋಗ ಮತ್ತೆ ಬರುತ್ತಿತ್ತು. ಏಕೆಂದರೆ ಈ ರೋಗವು ಗರ್ಭಕೋಶದಲ್ಲಷ್ಟೇ ನಿಲ್ಲುವುದಿಲ್ಲ. ಪಕ್ಕದ ಅಂಗಾಂಶಕ್ಕೂ ಕಟಿಯ ಗೋಡೆಗೆ ಅಂಟಿಕೊಂಡ ದುಗ್ಧಗ್ರಂಥಿಗಳಿಗೂ ಹಬ್ಬುತ್ತದೆ. ಅದನ್ನೆಲ್ಲ ಬಿಡಿಸಿ ತೆಗೆಯೋಣವೆಂದರೆ ಮೂತ್ರಪಿಂಡದಿಂದ ಇಳಿದು ಬರುವ ಮೂತ್ರನಾಳಗಳು ಅಲ್ಲಿಯೇ ಹಾದುಹೋಗುತ್ತವೆ. ಕೈ ಸ್ವಲ್ಪ ತಪ್ಪಿದರೆ ಅನರ್ಥ.

ವೆರ್ಟ್‌ಹೈಮರು ಮಾಡಿದ್ದಿಷ್ಟು. ಮೊದಲು ಆ ನಾಳಗಳನ್ನು ಕಣ್ಣಿಗೆ ಕಾಣುವಂತೆ ಬಿಡಿಸಿಟ್ಟುಕೊಂಡು, ಅನಂತರ ಗರ್ಭಕೋಶವನ್ನು ಪಕ್ಕದ ಅಂಗಾಂಶ, ಯೋನಿಯ ಮೇಲ್ಭಾಗ, ಊದಿದ ಗ್ರಂಥಿಗಳೊಡನೆ ತೆಗೆದರು. 1895ರಲ್ಲಿಯೇ ಅಮೆರಿಕದಲ್ಲಿ ಕ್ಲಾರ್ಕ್ ಮತ್ತು ರೀಸ್ ಈ ದಾರಿಯನ್ನು ಆಲೋಚಿಸಿದ್ದರೆಂಬುದನ್ನು ಮರೆಯಬಾರದು. ಆದರೆ ಅದನ್ನು ನೂರಾರು ರೋಗಿಗಳಲ್ಲಿ ಸಾಧಿಸಿದವರು ಇವರೇ. ಮೊದಲ ಶಸ್ತ್ರಕ್ರಿಯೆ ನಡೆದದ್ದು 1898ನೆಯ ನವೆಂಬರ್ 16ರಂದು. ಆಗ ಪೆನಿಸಿಲಿನ್ ಇಲ್ಲ, ರಕ್ತ ಕೊಡುವ ಏರ್ಪಾಡಿಲ್ಲ. ರಕ್ತದ ಗುಂಪುಗಳನ್ನು ಅದೇ ವಿಯೆನ್ನಾದಲ್ಲಿ ಲ್ಯಾಂಡ್‌ಸ್ಟೈನರರು ಗುರುತಿಸಿದ್ದು 1901ರಲ್ಲಿ.

1905ರಲ್ಲಿ ಅವರು 270 ರೋಗಿಗಳ ಲೆಕ್ಕವನ್ನು ಲೋಕದ ಮುಂದಿಟ್ಟರು. ನೂರಕ್ಕೆ 18 ಮಂದಿ ಶಸ್ತ್ರಕ್ರಿಯೆಯ ದೆಸೆಯಿಂದ ಸತ್ತಿದ್ದರು. ನೂರಕ್ಕೆ 31 ಮಂದಿಗೆ ದೊಡ್ಡ ತೊಡಕುಗಳಾಗಿದ್ದವು. ಬ್ಯಾಂಕಿನಲ್ಲಿ ದಿನವೂ ಲೆಡ್ಜರ್ ಬರೆಯುವ ನನ್ನಂಥವನಿಗೆ ಈ ಮನುಷ್ಯ ಮೆಚ್ಚುಗೆಯಾಗುವುದು ಇಲ್ಲಿಯೇ. ನಷ್ಟವನ್ನು ಅವರು ಮುಚ್ಚಿಡಲಿಲ್ಲ. 1911ರ ಹೊತ್ತಿಗೆ 500 ಶಸ್ತ್ರಕ್ರಿಯೆಗಳ ಗ್ರಂಥವನ್ನು ಹೊರತಂದಾಗ ಸಾವು ನೂರಕ್ಕೆ 10ರಷ್ಟಕ್ಕೆ ಇಳಿದಿತ್ತು.

ಗುರುಗಳಾದ ಶೌಟಾ ಇದನ್ನು ಒಪ್ಪಲಿಲ್ಲ. ಹೊಟ್ಟೆ ತೆರೆಯದೆ ಕೆಳಗಿನ ದಾರಿಯಿಂದಲೇ ಮಾಡುವ ಇನ್ನೊಂದು ಶಸ್ತ್ರಕ್ರಿಯೆಯನ್ನು 1901ರಲ್ಲಿ ಆರಂಭಿಸಿದರು. ಅದರಲ್ಲಿ ಸಾವು ಕಡಮೆ. ಆದರೆ ಗ್ರಂಥಿಗಳು ಕೈಗೆಟುಕುವುದಿಲ್ಲ. 1910ರಲ್ಲಿ ಶಿಷ್ಯರು ವಿಶ್ವವಿದ್ಯಾಲಯದ ಎರಡನೆಯ ಸ್ತ್ರೀರೋಗ ಚಿಕಿತ್ಸಾಲಯಕ್ಕೆ ಮುಖ್ಯಸ್ಥರಾದರು. ಮೊದಲನೆಯದಕ್ಕೆ ಗುರುಗಳೇ ಮುಖ್ಯಸ್ಥರು. ಒಂದೇ ಊರಿನಲ್ಲಿ ಎರಡು ಮತಗಳು ಬೆಳೆದವು.

ಇಷ್ಟರಲ್ಲಿ ಮೂರನೆಯ ಸ್ಪರ್ಧಿಯೊಂದು ಬಂದಿತ್ತು. ವೆರ್ಟ್‌ಹೈಮರ ಮೊದಲ ಶಸ್ತ್ರಕ್ರಿಯೆಯಾಗಿ ಆರು ವಾರ ಕಳೆಯುವುದರೊಳಗೆ, 1898ನೆಯ ಡಿಸೆಂಬರ್ 26ರಂದು, ಪ್ಯಾರಿಸಿನಲ್ಲಿ ಕ್ಯೂರಿ ದಂಪತಿಗಳ ರೇಡಿಯಂ ಸಂಶೋಧನೆ ಪ್ರಕಟವಾಯಿತು. ಅದಕ್ಕೆ ಬೇಕಾದ ಅದಿರು ಬಂದದ್ದು ಆಸ್ಟ್ರಿಯಾ ಸಾಮ್ರಾಜ್ಯದ ಗಣಿಯಿಂದಲೇ! 1903ರಲ್ಲಿ ನ್ಯೂಯಾರ್ಕಿನ ವೈದ್ಯೆ ಮಾರ್ಗರೆಟ್ ಕ್ಲೀವ್ಸ್ ಈ ರೋಗಕ್ಕೆ ರೇಡಿಯಂ ಬಳಸಿದರು. ಶಸ್ತ್ರಕ್ರಿಯೆಯ ಸಾವಿಗೆ ಹೆದರಿದ ಜನ ಕಿರಣವನ್ನೇ ನೆಚ್ಚಿದರು. 1920ನೆಯ ಫೆಬ್ರವರಿ 15ರಂದು ವೆರ್ಟ್‌ಹೈಮರು ತೀರಿಕೊಂಡ ಮೇಲೆ ಅವರ ಶಸ್ತ್ರಕ್ರಿಯೆ ಬಹಳ ಕಡೆ ಹಿಂದೆ ಬಿತ್ತು.

ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ಬಾಸ್ಟನ್ನಿನ ಜೋ ಮೀಗ್ಸ್. ರಕ್ತ ಕೊಡುವ ಸೌಕರ್ಯ ಬಂದ ಮೇಲೆ, ಗ್ರಂಥಿಗಳನ್ನು ಇನ್ನೂ ಪೂರ್ತಿಯಾಗಿ ತೆಗೆಯುವ ಕ್ರಮವನ್ನು ಸೇರಿಸಿ, 1944ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈದ್ಯರು ಇಂದಿಗೂ ಎರಡು ಹೆಸರುಗಳನ್ನೂ ಕೂಡಿಸಿ ವೆರ್ಟ್‌ಹೈಮ್-ಮೀಗ್ಸ್ ಶಸ್ತ್ರಕ್ರಿಯೆ ಎನ್ನುವುದುಂಟು.

ಹಾಗಾದರೆ ಶಸ್ತ್ರ, ಕಿರಣ ಎರಡನ್ನೂ ಏಕೆ ಕೂಡಿಸಬಾರದು? ಗರ್ಭಕೋಶದ ಕೊರಳಿನಲ್ಲಿಟ್ಟ ರೇಡಿಯಂ ಹತ್ತಿರದ ಗಡ್ಡೆಯನ್ನು ಸುಡಬಲ್ಲದು. ದೂರದ ಗ್ರಂಥಿಗಳಿಗೆ ಅದರ ಬಲ ಸಾಲದು. ಅಲ್ಲಿಗೆ ಶಸ್ತ್ರ ಮುಟ್ಟೀತು. ವಾದವೇನೋ ಸೊಗಸಾಗಿದೆ. ಆದರೆ ಎರಡನ್ನೂ ತಾಳಬೇಕಾದದ್ದು ಒಂದೇ ದೇಹ. 1997ರಲ್ಲಿ ಇಟಲಿಯ ವೈದ್ಯರು, ರೋಗವು ಮೊದಲ ಹಂತಗಳಲ್ಲಿದ್ದ 343 ಸ್ತ್ರೀಯರನ್ನು ಎರಡು ಪಂಗಡ ಮಾಡಿ ನೋಡಿದ ಪರೀಕ್ಷೆಯನ್ನು ಪ್ರಕಟಿಸಿದರು. ಶಸ್ತ್ರದವರೂ ವಿಕಿರಣದವರೂ ಐದು ವರ್ಷದ ಮೇಲೆ ನೂರಕ್ಕೆ 83ರಂತೆ ಬದುಕಿದ್ದರು. ಆದರೆ ಶಸ್ತ್ರದ ಪಂಗಡದಲ್ಲಿ ಬಹುಮಂದಿಗೆ ಬಳಿಕ ವಿಕಿರಣವನ್ನೂ ಕೊಡಬೇಕಾಯಿತು; ತೀವ್ರ ತೊಂದರೆಗಳು ಅಲ್ಲಿ ನೂರಕ್ಕೆ 28, ವಿಕಿರಣವಷ್ಟೇ ಪಡೆದವರಲ್ಲಿ 12. ಆದುದರಿಂದ ಒಂದರಿಂದಲೇ ಕೆಲಸವಾಗುವ ರೋಗಿಗೆ ಎರಡನ್ನೂ ಕೊಡದಿರಲು ವೈದ್ಯರು ನೋಡುತ್ತಾರೆ.

ಎರಡೂ ಬೇಕಾಗುವವರೂ ಇದ್ದಾರೆ. ಶಸ್ತ್ರಕ್ರಿಯೆಯಲ್ಲಿ ಗ್ರಂಥಿಗಳು ಶುದ್ಧವಾಗಿ ಕಂಡರೂ ಗಡ್ಡೆ ದೊಡ್ಡದಾಗಿರುವುದು, ಆಳಕ್ಕೆ ಇಳಿದಿರುವುದು ಮೊದಲಾದ ಅಪಾಯದ ಗುರುತುಗಳಿದ್ದ ಸ್ತ್ರೀಯರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲ 1999ರಲ್ಲಿ ಹೊರಬಂದಿತು. ಶಸ್ತ್ರಕ್ರಿಯೆ ಮಾತ್ರ ಆದ 140 ಮಂದಿಯಲ್ಲಿ 39 ಮಂದಿಗೆ ರೋಗ ಮರುಕಳಿಸಿತ್ತು. ಬಳಿಕ ವಿಕಿರಣವನ್ನೂ ಪಡೆಯಬೇಕಾಗಿದ್ದ 137 ಮಂದಿಯಲ್ಲಿ 21 ಮಂದಿಗೆ.