ಅನಂತವನ್ನೇ ಅಳೆದ ಗಣಿತಜ್ಞ, ಕೊನೆವರೆಗೂ ಕಾಡಿದ ಒಂದು ಪ್ರಶ್ನೆ: ಯಾರು ಈ ಜಾರ್ಜ್ ಕ್ಯಾಂಟರ್?

ಮದುವೆ ಮನೆಯ ಪಂಕ್ತಿಯಲ್ಲಿ ಪ್ರತಿ ಎಲೆಯ ಮುಂದೆ ಒಬ್ಬರು ಕುಳಿತಿದ್ದಾರೆ. ಖಾಲಿ ಎಲೆಯೂ ಇಲ್ಲ, ಜಾಗ ಸಿಗದೆ ನಿಂತವರೂ ಇಲ್ಲ. ಅಂದ ಮೇಲೆ ಎಲೆ ಎಷ್ಟೋ ಜನವೂ ಅಷ್ಟೇ, ಎಣಿಸಬೇಕಾಗಿಲ್ಲ. ಇಷ್ಟು ಸರಳ ಲೆಕ್ಕ ಹಿಡಿದು ಅನಂತವನ್ನೇ ಅಳೆಯಲು ಹೊರಟವರು ಜರ್ಮನಿಯ ಗಣಿತಜ್ಞ ಜಾರ್ಜ್ ಕ್ಯಾಂಟರ್.

1845ರ ಮಾರ್ಚ್ 3ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ಕುಟುಂಬದೊಂದಿಗೆ ಜರ್ಮನಿಗೆ ಬಂದರು. ಮಗ ಎಂಜಿನಿಯರ್ ಆಗಲಿ ಎಂಬುದು ತಂದೆಯ ಆಸೆಯಾಗಿತ್ತು (ಈ ಕಥೆ ನಮಗೂ ಹೊಸದಲ್ಲ ಬಿಡಿ). ಬರ್ಲಿನ್‌ನಲ್ಲಿ 1867ರಲ್ಲಿ ಡಾಕ್ಟರೇಟ್ ಪಡೆದು, 1869ರಲ್ಲಿ ಹಾಲೆ ವಿಶ್ವವಿದ್ಯಾಲಯ ಸೇರಿದರು.

1, 2, 3 ಎಂಬ ಸಂಖ್ಯೆಗಳನ್ನು 2, 4, 6ರ ಜೊತೆ ಒಂದಕ್ಕೊಂದು ಜೋಡಿಸಿದರೆ ಯಾವುದೂ ಮಿಗುವುದಿಲ್ಲ. ಎರಡೂ ಒಂದೇ ಗಾತ್ರದ ಅನಂತಗಳು. ಆದರೆ ದಶಮಾಂಶ ಸಂಖ್ಯೆಗಳೆಲ್ಲವನ್ನೂ ಹೀಗೆ ಜೋಡಿಸಲು ಆಗದು ಎಂದು ಕ್ಯಾಂಟರ್ 1874ರಲ್ಲಿ ಸಾಧಿಸಿದರು. 1891ರಲ್ಲಿ ಇನ್ನೂ ಸುಲಭದ ದಾರಿ ತೋರಿಸಿದರು. ದಶಮಾಂಶ ಸಂಖ್ಯೆಗಳ ಯಾವುದೇ ಪಟ್ಟಿ ತನ್ನಿ. ಮೊದಲ ಸಂಖ್ಯೆಯ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ಪ್ರತಿ ಸಾಲಿನಿಂದ ಒಂದೊಂದು ಅಂಕಿ ತೆಗೆದು ಬದಲಿಸುತ್ತಾ ಹೋದರೆ ಹೊಸ ಸಂಖ್ಯೆ ಸಿಗುತ್ತದೆ. ಅದು ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ! ಅಂದರೆ ಅನಂತಗಳಲ್ಲೂ ಚಿಕ್ಕದು, ದೊಡ್ಡದು ಇವೆ.

ಬರ್ಲಿನ್‌ನ ಪ್ರಭಾವಿ ಪ್ರಾಧ್ಯಾಪಕ ಕ್ರೋನೆಕರ್ ಇದನ್ನು ಒಪ್ಪಲಿಲ್ಲ. ಪೂರ್ಣಾಂಕಗಳಿಂದ ಹೆಜ್ಜೆ ಹೆಜ್ಜೆಯಾಗಿ ಕಟ್ಟಲಾಗದ್ದು ಗಣಿತವೇ ಅಲ್ಲ ಎಂಬುದು ಅವರ ನಿಲುವು. ಬಯಸಿದ ಬರ್ಲಿನ್ ಹುದ್ದೆ ಕ್ಯಾಂಟರ್‌ಗೆ ಸಿಗಲೇ ಇಲ್ಲ. 1884ರಲ್ಲಿ ಅವರ ಮಾನಸಿಕ ಆರೋಗ್ಯ ಮೊದಲ ಬಾರಿ ತೀವ್ರವಾಗಿ ಹದಗೆಟ್ಟಿತು. ಇದಕ್ಕೆಲ್ಲ ಕ್ರೋನೆಕರ್ ಕಾರಣ ಎನ್ನುವ ಕಥೆ ಜನಪ್ರಿಯ. ಆದರೆ ಕಾಯಿಲೆ ಯಾರ ವಿರೋಧಕ್ಕೂ ಕಾದು ಬರುವಂಥದ್ದಲ್ಲ.

ಅವರನ್ನು ಹೆಚ್ಚು ಕಾಡಿದ್ದು ತಮ್ಮದೇ ಪ್ರಶ್ನೆ. ಎಣಿಕೆಯ ಸಂಖ್ಯೆಗಳ ಅನಂತಕ್ಕೂ ದಶಮಾಂಶಗಳ ಅನಂತಕ್ಕೂ ನಡುವೆ ಮತ್ತೊಂದು ಗಾತ್ರದ ಅನಂತ ಇದೆಯೇ? ಇಲ್ಲ ಎಂದು ಅವರು ನಂಬಿದ್ದರು. ಅದೇ 1884ರಲ್ಲಿ ಸ್ವೀಡನ್‌ನ ಗಣಿತಜ್ಞ ಮಿತ್ತಾಗ್-ಲೆಫ್ಲರ್‌ಗೆ ಪತ್ರ ಬರೆದು ಸಾಧಿಸಿದೆ ಎಂದರು. ಕೆಲವೇ ತಿಂಗಳಲ್ಲಿ ಅದು ಸುಳ್ಳೆಂದು ಸಾಧಿಸಿದೆ ಎಂದರು. ಕೊನೆಗೆ ಎರಡನ್ನೂ ಹಿಂಪಡೆದರು.

1899ರಲ್ಲಿ ಕಿರಿಯ ಮಗ ರುಡಾಲ್ಫ್ ತೀರಿಕೊಂಡ. ಮರುವರ್ಷ ಪ್ಯಾರಿಸ್‌ನಲ್ಲಿ ಹಿಲ್ಬರ್ಟ್, ಹೊಸ ಶತಮಾನದ ಗಣಿತ ಸಮಸ್ಯೆಗಳಲ್ಲಿ ಕ್ಯಾಂಟರ್ ಪ್ರಶ್ನೆಗೇ ಮೊದಲ ಸ್ಥಾನ ಕೊಟ್ಟರು. ಆಸ್ಪತ್ರೆ, ಮನೆ ಎಂದು ಓಡಾಡುತ್ತಲೇ ವರ್ಷಗಳು ಕಳೆದವು. 1918ರ ಜನವರಿ 6ರಂದು ಹಾಲೆಯ ಚಿಕಿತ್ಸಾಲಯದಲ್ಲಿ ಕ್ಯಾಂಟರ್ ಕೊನೆಯುಸಿರೆಳೆದರು.

ಗಣ ಸಿದ್ಧಾಂತದ ಈಗಿನ ಮೂಲ ನಿಯಮಗಳಿಂದ ಕ್ಯಾಂಟರ್ ನಂಬಿಕೆಯನ್ನು ಸುಳ್ಳೆಂದು ತೋರಿಸಲಾಗದು ಎಂದು ಗೋಡೆಲ್ 1940ರ ಹೊತ್ತಿಗೆ ಸಾಧಿಸಿದರು. ನಿಜವೆಂದೂ ತೋರಿಸಲಾಗದು ಎಂದು 1963ರಲ್ಲಿ ಪಾಲ್ ಕೋಹೆನ್ ಸಾಧಿಸಿದರು. ಆ ನಿಯಮಗಳಲ್ಲಿ ವಿರೋಧಾಭಾಸ ಇಲ್ಲ ಎಂಬುದಷ್ಟೇ ಇಬ್ಬರ ಷರತ್ತು. ಹಾಗಾದರೆ ಆ ಪ್ರಶ್ನೆಗೆ ನಿಜ, ಸುಳ್ಳು ಎಂಬುದೇ ಇಲ್ಲವೇ? ಇದೆ, ನಮ್ಮ ನಿಯಮಗಳೇ ಸಾಲುತ್ತಿಲ್ಲ ಎಂಬುದು ಗೋಡೆಲ್ ವಾದವಾಗಿತ್ತು. ಎಲ್ಲ ಗಣಿತಜ್ಞರೂ ಅದನ್ನು ಒಪ್ಪಿಲ್ಲ.